ಕೆಂಪು ಟ್ರಾಕ್ಟರಿನ ಮೂತಿ

ಜಗ್ಬೀರನ ಕೋಪ ಎಂಥದ್ದು ಅಂತ ಏಕನಾಥ ಮೊದಲು ಕಣ್ಣಾರೆ ಕಂಡದ್ದು ಓಖ್ಲಾದ ಕಾರ್ಖಾನೆ ಗೇಟಿನಲ್ಲಿ. ಟೆಂಪೋದವನೊಬ್ಬ ರಿವರ್ಸ್ ತೆಗೆಯುವಾಗ ಜಗ್ಬೀರನ ಕಾರಿನ ಕನ್ನಡಿಗೆ ತಾಗಿಸಿದ. ಕನ್ನಡಿ ಒಡೆಯಲೂ ಇಲ್ಲ, ಸುಮ್ಮನೆ ಮಡಚಿಕೊಂಡಿತು. ಅಷ್ಟಕ್ಕೇ ಜಗ್ಬೀರ್ ಅವನ ಕೊರಳಪಟ್ಟಿ ಹಿಡಿದು ಕಿಟಕಿಯಿಂದಲೇ ಹೊರಗೆಳೆದ. ಬಾಗಿಲು ತೆಗೆಯುವಷ್ಟೂ ತಾಳ್ಮೆ ಇಲ್ಲ ಪುಣ್ಯಾತ್ಮನಿಗೆ! ಮುಖವನ್ನು ಬಾನೆಟ್ಟಿಗೆ ಬಡಿದ, ಎತ್ತಿದ, ಮತ್ತೆ ಬಡಿದ. ಏಕನಾಥನೂ ವಾಚ್‌ಮನ್ನೂ ಸೇರಿ ಬಿಡಿಸುವ ಹೊತ್ತಿಗೆ ಟೆಂಪೋದವನ ಮೂಗು ಒಂದು ಕಡೆಗೆ ವಾಲಿತ್ತು, ಹಲ್ಲು ನೆಲದ ಮೇಲಿತ್ತು. ಆಮೇಲೆ ಅದೇ ಜಗ್ಬೀರ್ ಅವನನ್ನು ತನ್ನ ಕಾರಿನಲ್ಲೇ ಆಸ್ಪತ್ರೆಗೆ ಒಯ್ದು, ಹೊಲಿಗೆ ಹಾಕಿಸಿ, ಮೋಸಂಬಿ ಜ್ಯೂಸ್ ಕುಡಿಸಿ ಬಂದ. "ಏನ್ಮಾಡ್ಲಿ ಭಾಯಿ, ಕೈ ನನ್ನ ಮಾತು ಕೇಳಲ್ಲ" ಅಂತ ಅತ್ತೂ ಬಿಟ್ಟ.

ಇಬ್ಬರೂ ಒಂದೇ ಕಾರ್ಖಾನೆಯವರು. ಜಗ್ಬೀರ್ ದಾದ್ರಿಯಾಚೆ ಹಳ್ಳಿಯವನು, ಸಾಮಾನು ಕಳಿಸುವ ವಿಭಾಗದಲ್ಲಿದ್ದ. ಏಕನಾಥ ನಮ್ಮ ಹರಿಹರದಿಂದ ದೇಶದ ರಾಜಧಾನಿಗೆ ಕೆಲಸಕ್ಕೆ ಹೋದವನು, ಪ್ಯಾಕಿಂಗ್ ಮಷೀನುಗಳ ಡ್ರಾಯಿಂಗ್ ಮಾಡುವವನು. ಸಂಜೆಯಾದರೆ ಲಕ್ಷ್ಮೀ ನಗರದ ಎರಡು ಕೋಣೆ ಮನೆಯಲ್ಲಿ ನೆಲದ ಮೇಲೆ ಬೆಡ್‌ಶೀಟ್ ಹರವಿಕೊಂಡು ಕೂತುಬಿಡುತ್ತಿದ್ದ. ಮಕ್ಕಳಾಡುವ ಪ್ಲಾಸ್ಟಿಕ್ ಬ್ಲಾಕ್ಸ್ ಇರುತ್ತವಲ್ಲ, ಒಂದರ ಮೇಲೊಂದು ಒತ್ತಿದರೆ ಕಟಕ್ಕೆಂದು ಕೂರುವಂಥವು, ಅವುಗಳಿಂದ ಟ್ರಾಕ್ಟರು, ಜೆಸಿಬಿ, ರೋಡ್ ರೋಲರು ಕಟ್ಟುವುದೇ ಅವನ ಹುಚ್ಚು. ಸದರ್ ಬಜಾರಿನಿಂದ ಮೂಟೆಗಟ್ಟಲೆ ಹಳೇ ಬ್ಲಾಕ್ಸ್ ತಂದು, ತೊಳೆದು, ಬಣ್ಣ ಬಣ್ಣಕ್ಕೆ ಬೇರೆ ಡಬ್ಬಿ ಮಾಡಿ ಇಟ್ಟಿದ್ದ. ಹೆಂಡತಿ ಲೀಲಾವತಿ ಬೇಳೆ ಡಬ್ಬಿ ತೆಗೆದರೂ ಅದರಲ್ಲಿ ಹಲ್ಲುಚಕ್ರ ಸಿಗುತ್ತಿತ್ತು.

ಅವನ ಕೆಲಸಕ್ಕೆ ಒಂದು ಹಟ ಇತ್ತು. ಅಂಗಡಿಯ ಗೊಂಬೆ ಹಾಗೆ ಮಿರಮಿರ ಮಿಂಚುವಂತೆ ಕಟ್ಟುವವನಲ್ಲ. ನಿಜವಾದ ಗಾಡಿಯಲ್ಲಿ ಸೈಲೆನ್ಸರ್ ಓರೆಯಾಗಿದ್ದರೆ ಇವನದೂ ಓರೆ. ಮಡ್‌ಗಾರ್ಡಿಗೆ ತುಕ್ಕು ಹಿಡಿದಿದ್ದರೆ ಅಲ್ಲೊಂದು ಕಂದು ಬ್ಲಾಕ್. ಇದ್ದದ್ದು ಇದ್ದ ಹಾಗೆ ಇರಬೇಕು, ಸೇರಿದ ಯಾವ ಭಾಗವೂ ಬೇರೆ ಗಾಡಿಯದಾಗಿರಬಾರದು. ಜೊತೆಗೆ ಗೋಂದು ಮುಟ್ಟಬಾರದು. ಗೋಂದು ಹಚ್ಚಿದರೆ ಅದು ಕಟ್ಟಿದ್ದಲ್ಲ, ಅಂಟಿಸಿದ್ದು ಅಂತ ಮೂಗು ಮುರಿಯುತ್ತಿದ್ದ.

ಆ ಚಳಿಗಾಲದಲ್ಲಿ ಜಗ್ಬೀರನಿಗೆ ಗಂಡು ಮಗು ಹುಟ್ಟಿತು. ಅವರ ಕಡೆ ಗಂಡು ಹುಟ್ಟಿದರೆ ಬಾಣಂತಿಯನ್ನು ಹಾಡು ಹೇಳುತ್ತಾ ಬಾವಿಗೆ ಕರೆದುಕೊಂಡು ಹೋಗಿ ಪೂಜೆ ಮಾಡಿಸುತ್ತಾರೆ, ಊರಿಗೆಲ್ಲ ಊಟ ಹಾಕುತ್ತಾರೆ. "ಆವತ್ತು ನಮ್ಮಪ್ಪನಿಗೆ ನಾನೊಂದು ಉಡುಗೊರೆ ಕೊಡಬೇಕು" ಅಂದ ಜಗ್ಬೀರ್. "ಅವರ ಟ್ರಾಕ್ಟರ್ ಇದೆಯಲ್ಲ, ಕೆಂಪನೇದು, ಅದರ ಮೇಲೆ ಅವರಿಗೆ ನನಗಿಂತ ಪ್ರೀತಿ. ಅದನ್ನ ನಿನ್ನ ಬ್ಲಾಕ್ಸಲ್ಲಿ ಕಟ್ಟಿಕೊಡು. ಅಪ್ಪನಿಗೆ ಗೊತ್ತಾಗಬಾರದು."

ಅಪ್ಪ ಹರ್ಕೇಶ್ ದವಸ ಮಾರಲು ಮಂಡಿಗೆ ಹೋದ ದಿನ ನೋಡಿ ಜಗ್ಬೀರ್ ಇವನನ್ನು ಊರಿಗೆ ಕರೆದುಕೊಂಡು ಹೋದ. ಏಕನಾಥ ಟ್ರಾಕ್ಟರಿನ ಸುತ್ತ ಸುತ್ತಿ ಫೋಟೋ ತೆಗೆದ, ಅಳತೆ ಹಿಡಿದ. ಮುಂದೆ ಬಂದು ನಿಂತವನೇ ಹುಬ್ಬು ಗಂಟಿಕ್ಕಿದ. ರೇಡಿಯೇಟರ್ ಮುಂದೆ ಹೆಡ್‌ಲೈಟ್ ಸಮೇತ ಕೂರುವ ಜಾಲರಿ ಇರುತ್ತಲ್ಲ, ರೈತರು ಮೂತಿ ಅನ್ನುವುದು, ಅದು ಈ ಗಾಡಿಯದಲ್ಲ! ಹಳೇ ಮಾಡೆಲ್ಲಿನದು. ಬೋಲ್ಟ್ ತೂತು ಸರಿಯಾಗಿ ಕೂತಿಲ್ಲ, ಕೆಂಪು ಕೂಡ ತುಸು ಮಾಸಲು. ಹಿತ್ತಲಲ್ಲಿ ಒಂದು ಹಳೇ ಟ್ರಾಕ್ಟರು ಮೂತಿ ಇಲ್ಲದೆ ಬಿದ್ದಿದ್ದನ್ನೂ ನೋಡಿದ. ಹಾಗಾದರೆ ಇದರ ಅಸಲಿ ಮೂತಿ ಎಲ್ಲಿ?

ಜಗ್ಬೀರ್ ಫೋನ್ ಬಂತೆಂದು ಅತ್ತ ಹೋದ. ಇವನು ಸುಮ್ಮನಿರಬೇಕೋ ಬೇಡವೋ? ಪಕ್ಕದ ಹೊಟ್ಟಿನ ಕೋಣೆಗೆ ನುಗ್ಗಿ ಹುಡುಕಿಯೇ ಬಿಟ್ಟ. ದನದ ಹೊಟ್ಟಿನ ರಾಶಿಯ ಹಿಂದೆ, ಗೋಣಿಚೀಲದಡಿ, ಸಿಕ್ಕಿತು. ಎಡಗಡೆ ದೀಪ ಇಲ್ಲ, ಕೆಳಗಿನ ಮೂಲೆ ಮುರಿದು ಹೋಗಿದೆ, ಪಟ್ಟಿಗಳು ಒಳಕ್ಕೆ ಬಾಗಿವೆ. ಬೇರೆಯವರಾಗಿದ್ದರೆ ಇದು ಹೇಗೆ ಮುರಿಯಿತು, ಯಾಕೆ ಬಚ್ಚಿಟ್ಟರು ಅಂತ ಯೋಚಿಸುತ್ತಿದ್ದರು. ನಮ್ಮವನ ತಲೆಯಲ್ಲಿ ಓಡಿದ್ದೇ ಬೇರೆ: ಈ ಬಾಗಿದ ಪಟ್ಟಿಯನ್ನು ಬ್ಲಾಕ್ಸಲ್ಲಿ ತರುವುದು ಹೇಗೆ? ಕೀಲಿನ ತುಂಡು ಹಾಕಿ ಓರೆ ಮಾಡಿದರೆ? ಖುಷಿಯಿಂದ ಮೈ ಜುಮ್ಮೆಂದಿತು. ಫೋಟೋ ತೆಗೆದು, ಚೀಲ ಮುಚ್ಚಿ, ಏನೂ ಆಗದವನಂತೆ ಬಂದು ಚಹಾ ಕುಡಿದ.

ಲೀಲಾವತಿ ಮುಗಿದ ಟ್ರಾಕ್ಟರ್ ನೋಡಿ ಸೊಂಟಕ್ಕೆ ಕೈ ಇಟ್ಟಳು. "ಎಲ್ಲಾ ಸರಿ, ಮೂತಿ ಯಾಕೆ ಜಜ್ಜಿಹೋಗಿದೆ?"

"ಅದೇ ಅದರ ನಿಜವಾದ ಮೂತಿ ಕಣೇ. ಈಗ ಹಾಕಿರೋದು ಬೇರೆ ಗಾಡೀದು."

"ಅಲ್ರೀ, ಮಗು ಹುಟ್ಟಿದ ಮನೆಗೆ ಒಡೆದ ಸಾಮಾನು ಕೊಡ್ತಾರಾ ಯಾರಾದ್ರೂ? ಭಿನ್ನವಾದದ್ದನ್ನ ದೇವರ ಮನೇಲೂ ಇಡಲ್ಲ. ಅಂದವಾಗಿರೋ ಮೂತಿ ಮಾಡಿಕೊಡಿ."

"ನಿನಗೆ ತಿಳಿಯಲ್ಲ ಬಿಡು. ಅವರಪ್ಪ ನೋಡಿದ ತಕ್ಷಣ ಗುರುತು ಹಿಡೀತಾರೆ. ಬೆರಗಾಗಿ ಹೋಗ್ತಾರೆ!"

"ನಿಮ್ಮ ತಲೆ. ಹೇಳೋರ ಮಾತು ಕೇಳ್ಬೇಡಿ, ಕೇಳಿದ್ರೆ ಕಿರೀಟ ಬಿದ್ದುಹೋಗುತ್ತೆ." ಅವಳು ಪೂಜೆಗೆ ಬರುವುದೇ ಇಲ್ಲ ಅಂದಳು.

ಓರೆ ಕೂರಿಸಿದ ಪಟ್ಟಿಗಳು ಒಂದು ತಟ್ಟು ತಟ್ಟಿದರೆ ಉದುರುತ್ತಿದ್ದವು. ಹಳ್ಳಿ ದಾರಿಯ ಗುಂಡಿಗಳು ನೆನಪಾಗಿ ಏಕನಾಥ ಹುಟ್ಟಾ ಮಾಡದ ಕೆಲಸ ಮಾಡಿದ. ಮೂತಿಗೆ ಗೋಂದು ಹಾಕಿದ. ಕಲ್ಲಿನ ಹಾಗೆ ಕಚ್ಚಿಕೊಂಡಿತು. ಜಗ್ಬೀರನಿಗೂ ತೋರಿಸಲಿಲ್ಲ. ಅಲ್ಲೇ ನೋಡುವಿಯಂತೆ ಅಂದು ರಟ್ಟಿನ ಪೆಟ್ಟಿಗೆಗೆ ಹಾಕಿ ಮುಚ್ಚಿದ.

ಪೂಜೆಯ ದಿನ ಮಧ್ಯಾಹ್ನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜಗ್ಬೀರನ ಕಾರಿನಲ್ಲಿ ಕೂತ. ಊರು ಹತ್ತಿರ ಬಂದಾಗ ಕಾಲುವೆ ಸೇತುವೆಯ ಪಕ್ಕ ಜಗ್ಬೀರ್ ಕಾರು ನಿಲ್ಲಿಸಿದ. ಇಳಿದು ಹೋಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಬಂದ. ಕಣ್ಣು ಕೆಂಡದ ಹಾಗಿತ್ತು.

"ಇಲ್ಲೇ ಬಿದ್ದಿದ್ದು ನನ್ನ ಸೋನು" ಅಂದ. ಸೋನು ಅವನ ಚಿಕ್ಕಪ್ಪ ಓಂಪಾಲನ ಒಬ್ಬನೇ ಮಗ. ಹೋದ ವರ್ಷ ಸತ್ತ ಅಂತ ಏಕನಾಥನಿಗೆ ಗೊತ್ತಿತ್ತು, ಹೇಗೆ ಅಂತ ಕೇಳಿರಲಿಲ್ಲ. "ಮಂಜು ಕವಿದಿತ್ತು. ಸೈಕಲ್ ಮೇಲೆ ಹೋಗ್ತಿದ್ದವನಿಗೆ ಯಾವನೋ ಟ್ರಾಕ್ಟರ್ ಗುದ್ದಿ ಓಡಿಹೋದ. ಹುಡುಗ ತಕ್ಷಣ ಸಾಯಲಿಲ್ಲ ಭಾಯಿ. ಸೊಂಟ ಮುರಿದಿತ್ತು, ಉಗುರಲ್ಲಿ ನೆಲ ಗೀರಿಕೊಂಡು ಸೇತುವೆ ತನಕ ತೆವಳಿದ್ದ. ಉಗುರು ಕಿತ್ತು ಬಂದಿತ್ತು. ಸಿಕ್ಕಿದ್ದು ಎಡಗಡೆ ದೀಪದ ಗಾಜು, ಆಮೇಲೆ ಜಾಲರಿಯ ಮುರಿದ ಒಂದು ಮೂಲೆ. ಕೆಂಪು ಬಣ್ಣದ್ದು. ಓಂಪಾಲ್ ಚಾಚಾ ಆ ಮೂಲೇನ ಪೊಲೀಸರಿಗೂ ಕೊಡಲಿಲ್ಲ, ಇವತ್ತಿಗೂ ಜೇಬಲ್ಲೇ ಇಟ್ಕೊಂಡು ತಿರುಗ್ತಾನೆ. ಸುತ್ತಲಿನ ಗುಜರಿಯವರಿಗೆಲ್ಲ ಹೇಳಿಟ್ಟಿದ್ದೀವಿ, ಮುರಿದ ಮೂತಿ ಮಾರೋಕೆ ಯಾವನಾದ್ರೂ ಬಂದ್ರೆ ತಿಳಿಸಿ ಅಂತ. ಸೋನು ಚಿತೆ ಮೇಲೆ ಕೈ ಇಟ್ಟು ಕಸಮ್ ತಿಂದಿದ್ದೀನಿ, ಆಣೆ ಇಟ್ಟಿದ್ದೀನಿ. ಆ ನನ್ಮಗ ಯಾರೇ ಆಗಿರಲಿ, ಅದೇ ಟ್ರಾಕ್ಟರಿನ ಗಾಲಿ ಅವನ ಮೇಲೆ ಹತ್ತಿಸ್ತೀನಿ."

ಏಕನಾಥನ ತೊಡೆಯ ಮೇಲಿನ ಪೆಟ್ಟಿಗೆ ಬೆಂಕಿಯ ಹಾಗೆ ಸುಟ್ಟಿತು. ಎಡಗಡೆ ದೀಪ. ಕೆಳಗಿನ ಮೂಲೆ. ಊರೆಲ್ಲ ಹುಡುಕಿದವರು ತಮ್ಮ ಮನೆಯ ಗಾಡಿಯ ಕಡೆ ಮಾತ್ರ ಕಣ್ಣು ಹಾಯಿಸಿರಲಿಲ್ಲ. ಅಯ್ಯೋ ದೇವರೇ, ನಾನೇನು ಮಾಡಿಬಿಟ್ಟೆ! ಊರೆಲ್ಲ ಸೇರಿರುವ ಅಂಗಳದಲ್ಲಿ ಈ ಪೆಟ್ಟಿಗೆ ತೆರೆದರೆ ಇವತ್ತೇ ಒಂದು ಹೆಣ ಬೀಳುತ್ತದೆ, ಮಗನ ಕೈಯಿಂದಲೇ ಅಪ್ಪನ ಹೆಣ. ಹೇಳಿಬಿಡಲೇ ಅಂತ ನೋಡಿದ. ಸ್ಟೀರಿಂಗ್ ಮೇಲಿದ್ದ ಜಗ್ಬೀರನ ಕೈ ಕಂಡಿತು, ಟೆಂಪೋದವನ ಮೂಗು ಕಂಡಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂದೇ ದಾರಿ. ಪೆಟ್ಟಿಗೆ ತೆರೆಯುವ ಮುಂಚೆ ಆ ಮೂತಿ ಕಿತ್ತು ಹಾಕಬೇಕು.

"ದಾರೀಲಿ ಎಲ್ಲೋ ಸಡಿಲ ಆಗಿರುತ್ತೆ, ಒಂದು ಸಲ ಸರಿ ಮಾಡ್ಕೊಳ್ತೀನಿ" ಅಂದ. ಜಗ್ಬೀರ್ ಅವನನ್ನು ಟ್ರಾಕ್ಟರ್ ಶೆಡ್ಡಿಗೆ ಬಿಟ್ಟು ಅಡುಗೆಯವರ ಕಡೆ ಹೋದ. ಅಂಗಳದಾಚೆ ಮನೆಯೊಳಗೆ ಹೆಂಗಸರ ಹಾಡು, ಡೋಲಕ್ ಜೋರಾಗಿತ್ತು.

ಏಕನಾಥ ನೆಲದ ಮೇಲೆ ಕೂತು ಮೂತಿಯನ್ನು ಉಗುರಿನಿಂದ ಎಬ್ಬಿದ. ಅಲುಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದ. ಗೋಂದು! ಹುಟ್ಟಾ ಹಾಕದವನು ಒಂದು ಸಲ ಹಾಕಿದ ಗೋಂದು! ಟ್ರೇಲರಿಗೆ ಸಿಕ್ಕಿಸುವ ಕಬ್ಬಿಣದ ಪಿನ್ನು ಅಲ್ಲೇ ಬಿದ್ದಿತ್ತು, ಮೊಣಕೈಯಷ್ಟು ಉದ್ದ. ಅದರಿಂದ ಜಪ್ಪಿದ. ಒಂದು ಏಟಿಗೆ ಗಾಲಿ ಹಾರಿತು, ಸೀಟು ಹಾರಿತು, ಬಾನೆಟ್ಟು ಚೂರಾಯಿತು. ಮೂತಿ ಮಾತ್ರ ಇಡಿಯಾಗಿ ಕಿತ್ತುಕೊಂಡು ಬಾಗಿಲ ಕಡೆ ಜಾರಿ ಹೋಯಿತು.

ಬಾಗಿಲಲ್ಲಿ ಜಗ್ಬೀರ್ ನಿಂತಿದ್ದ.

"ನಮ್ಮಪ್ಪನ ಉಡುಗೊರೆ ಒಡೀತಿದೀಯಾ?" ಅಂದವನು ಉತ್ತರಕ್ಕೆ ಕಾಯಲಿಲ್ಲ. ಒದ್ದ ಒದೆಗೆ ಏಕನಾಥ ಗೋಡೆಗೆ ಹೋಗಿ ಬಿದ್ದ. ಕೂದಲು ಹಿಡಿದು ಎತ್ತಿ ಮುಖಕ್ಕೆ ಗುದ್ದಿದ. ತುಟಿ ಹರಿದು ಬಾಯಲ್ಲಿ ರಕ್ತ ತುಂಬಿತು. "ಕೆಲಸ ಚೆನ್ನಾಗಿ ಬಂದಿರಲಿಲ್ಲ... ಅದಕ್ಕೆ..." ಅನ್ನುವಷ್ಟರಲ್ಲಿ ಹೊಟ್ಟೆಗೆ ಇನ್ನೊಂದು ಬಿತ್ತು.

ಗಲಾಟೆ ಕೇಳಿ ಓಡಿ ಬಂದದ್ದು ಚಿಕ್ಕಪ್ಪ ಓಂಪಾಲ್. "ಬಿಡೋ, ಮನೆಗೆ ಬಂದ ಅತಿಥಿ ಅವನು!" ಅಂತ ನಡುವೆ ಬಿದ್ದ. ಕಾಲಿಗೆ ಏನೋ ತಾಗಿತು. ಬಗ್ಗಿ ಎತ್ತಿಕೊಂಡ. ಅಂಗೈಯಗಲದ ಕೆಂಪು ಮೂತಿ. ಎಡಗಡೆ ದೀಪ ಇಲ್ಲ, ಕೆಳಗಿನ ಮೂಲೆ ಇಲ್ಲ. ಓಂಪಾಲ್ ಜೇಬಿಗೆ ಕೈ ಹಾಕಿ ತನ್ನ ಕಬ್ಬಿಣದ ತುಂಡು ತೆಗೆದ. ಎರಡನ್ನೂ ಅಕ್ಕಪಕ್ಕ ಹಿಡಿದ. ಅದು ದೊಡ್ಡದು, ಇದು ಸಣ್ಣದು, ಆದರೆ ಮುರಿದ ಅಂಚು ಒಂದೇ.

"ಇದನ್ನ ಎಲ್ಲಿ ನೋಡಿದೆ ಬೇಟಾ?" ಅಂತ ಮೆಲ್ಲಗೆ ಕೇಳಿದ.

ಜಗ್ಬೀರ್ ನೋಡಿದ. ಅವನ ಮುಖ ಬಿಳುಪೇರಿತು. ಮತ್ತೆ ಏಕನಾಥನ ಕುತ್ತಿಗೆ ಹಿಡಿದ. "ಹೇಳು, ನೀನೇ ಕಲ್ಪಿಸಿಕೊಂಡು ಕಟ್ಟಿದ್ದು ಅಂತ. ಹೇಳೋ! ಹೇಳು ಭಾಯಿ!" ಹೊಡೆಯುತ್ತಾ ಬೇಡುತ್ತಿದ್ದ, ಬೇಡುತ್ತಾ ಹೊಡೆಯುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಒಂದು ಸುಳ್ಳು. ಏಕನಾಥನಿಗೆ ಅದು ಅರ್ಥವಾಯಿತು.

"ಕಲ್ಪನೆ" ಅಂದ. "ನಾನೇ... ಕೈಚಳಕ ತೋರಿಸೋಕೆ..."

ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮವನು. ಕಣ್ಣು ತಾನಾಗಿಯೇ ಹೊಟ್ಟಿನ ಕೋಣೆಯ ಕಡೆ ಹೊರಳಿತು. ಓಂಪಾಲ್ ಆ ಕಣ್ಣನ್ನೇ ನೋಡುತ್ತಿದ್ದ. ಕೋಣೆಯೊಳಗೆ ಹೋದ. ಹೊಟ್ಟು ಎರಚಾಡಿದ ಸದ್ದು, ಗೋಣಿ ಎಳೆದ ಸದ್ದು. ಬರುವಾಗ ಎರಡೂ ಕೈಯಲ್ಲಿ ನಿಜವಾದ ಮೂತಿ ಇತ್ತು. ನೆಲಕ್ಕಿಟ್ಟು ತನ್ನ ತುಂಡನ್ನು ಮೂಲೆಗೆ ಜೋಡಿಸಿದ. ಸರಿಯಾಗಿ ಕೂತಿತು.

ಅಷ್ಟು ಹೊತ್ತಿಗೆ ಹರ್ಕೇಶ್ ಬಂದ. ತಲೆಗೆ ಹೊಸ ಪಗಡಿ, ಕೈಯಲ್ಲಿ ಲಡ್ಡು. "ಎಲ್ಲಿ ಹೋದ್ರೋ ಎಲ್ಲಾ, ಊರೇ ಕಾಯ್ತಾ ಇದೆ..." ನೆಲದ ಮೇಲಿನ ಮೂತಿ ಕಂಡಿತು. ಲಡ್ಡು ಕೈಯಿಂದ ಬಿತ್ತು.

"ಅಪ್ಪಾ, ಬೇರೆ ಯಾರೋ ತಂದಿಟ್ಟಿದ್ದು ಅಂತ ಹೇಳು" ಅಂದ ಜಗ್ಬೀರ್.

ಹರ್ಕೇಶ್, ವರ್ಷವಿಡೀ ಗಂಟಲಲ್ಲಿ ಹಿಡಿದಿದ್ದು ಒಮ್ಮೆಗೇ ಕಳಚಿತೋ ಏನೋ, ನಿಂತಲ್ಲೇ ಕುಸಿದ. "ಮಂಜಲ್ಲಿ ಕಾಣಿಸಲಿಲ್ಲ. ಇಳಿದು ನೋಡಿದೆ. ನಮ್ಮ ಸೋನು. ಬದುಕಿದ್ದ. ನನ್ನ ಧೋತಿ ಹಿಡ್ಕೊಂಡ." ಧೋತಿಯ ಅಂಚನ್ನು ತಾನೇ ಹಿಡಿದು ತೋರಿಸಿದ. "ಭಯ ಆಯ್ತು. ಬಿಡಿಸಿಕೊಂಡು ಬಂದುಬಿಟ್ಟೆ."

ಬಂದುಬಿಟ್ಟೆ! ಬಂದು, ಹಳೇ ಟ್ರಾಕ್ಟರಿನ ಮೂತಿ ಬಿಚ್ಚಿ ಇದಕ್ಕೆ ಹಾಕಿ, ಮಧ್ಯಾಹ್ನ ಅದೇ ಹುಡುಗನ ಚಟ್ಟಕ್ಕೆ ಹೆಗಲು ಕೊಟ್ಟ. ಇಂಥವನಿಗೆ ಏನನ್ನಬೇಕೋ ನೀವೇ ಹೇಳಿ.

ಜಗ್ಬೀರ್ ಕಿರುಚಿದ ಕಿರುಚು ಮನುಷ್ಯರದಾಗಿರಲಿಲ್ಲ. ಬಿದ್ದಿದ್ದ ಕಬ್ಬಿಣದ ಪಿನ್ನು ಎತ್ತಿಕೊಂಡು ಟ್ರಾಕ್ಟರ್ ಏರಿದ. ಕೀಲಿ ಅದರಲ್ಲೇ ಇತ್ತು. ಎಂಜಿನ್ ಗುಡುಗಿತು, ಶೆಡ್ಡೆಲ್ಲ ಹೊಗೆ. ಓಡಿಹೋಗಬೇಕಾದವನು ಹರ್ಕೇಶ್, ಅವನು ಮಾಡಿದ್ದು ನೋಡಿ: ತೆವಳಿಕೊಂಡು ಬಂದು ಹಿಂದಿನ ದೊಡ್ಡ ಗಾಲಿಯ ಮುಂದೆ ಮಲಗಿದ. "ಹತ್ತಿಸು ಮಗನೇ, ಕಸಮ್ ತಿಂದಿದ್ದೀಯ, ಹತ್ತಿಸು!" ಓಂಪಾಲ್ ಕದಲಲಿಲ್ಲ.

ಏಕನಾಥ ಹೇಗೆ ಎದ್ದನೋ ಅವನಿಗೇ ಗೊತ್ತಿಲ್ಲ. ಆಚೆ ಮಗ್ಗುಲಿನಿಂದ ಹತ್ತಿ ಸ್ಟೀರಿಂಗ್ ಕೆಳಗಿನ ಗುಬುಟಿಗೆ ಕೈ ಹಾಕಿದ. ಅದನ್ನು ಎಳೆದರೆ ಡೀಸೆಲ್ ನಿಲ್ಲುತ್ತದೆ, ಆದರೆ ಎಂಜಿನ್ ಪೂರ್ತಿ ಸಾಯುವ ತನಕ ಎಳೆದೇ ಹಿಡಿದಿರಬೇಕು. ಎಳೆದ. ಜಗ್ಬೀರ್ ಕ್ಲಚ್ಚು ಬಿಟ್ಟ. ಗಾಲಿ ಒಂದು ಗೇಣು ಉರುಳಿ ಹರ್ಕೇಶನ ಪಗಡಿಯನ್ನು ನುಂಗಿತು.

"ಕೈ ತೆಗಿ!" ಪಿನ್ನು ಏಕನಾಥನ ಬೆರಳಿನ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಎಂಜಿನ್ ಸದ್ದಿನಲ್ಲೂ ಕೇಳಿಸಿತು. ಕೈ ತೆಗೆಯಲಿಲ್ಲ. ಮತ್ತೆ ಬಿತ್ತು. ಅಮ್ಮಾ ಅಂತ ಕಿರುಚಿದ, ಬಿಡಲಿಲ್ಲ. ಬ್ಲಾಕ್ಸ್ ಹಿಡಿಯುವ ಬೆರಳು ಅವು, ಅನ್ನ ಹಾಕುವ ಬೆರಳು. ಇನ್ನೊಂದು ಏಟು ಬಿತ್ತು. ಎಂಜಿನ್ ಕೆಮ್ಮಿತು, ಗಡಗಡ ನಡುಗಿತು, ನಿಂತಿತು.

ಗಾಲಿ ಹರ್ಕೇಶನ ಹೆಗಲಿಗೆ ಒತ್ತಿಕೊಂಡು ನಿಂತಿತ್ತು. "ಯಾರು ನಿಲ್ಲಿಸು ಅಂದದ್ದು? ಯಾವನು ನೀನು ನಿಲ್ಲಿಸೋಕೆ?" ಅಂತ ಕೆಳಗಿನಿಂದ ಏಕನಾಥನನ್ನೇ ಬೈದ ಮುದುಕ.

ಆಗ ಓಂಪಾಲ್ ಕದಲಿದ. ಬಂದು ಅಣ್ಣನ ಕೊರಳಪಟ್ಟಿ ಹಿಡಿದ. "ಇಷ್ಟು ಸುಲಭಕ್ಕೆ ಸಾಯ್ತೀನಿ ಅಂದ್ಕೊಂಡೆಯಾ? ಏಳು. ಸೋನು ಅಮ್ಮ ಒಳಗೆ ನಿನ್ನ ಮೊಮ್ಮಗನಿಗೆ ಹಾಡು ಹೇಳ್ತಿದಾಳೆ. ವರ್ಷದಿಂದ ಅವಳು ಕೇಳ್ತಿರೋದು ಒಂದೇ, ನನ್ನ ಮಗ ಕೊನೇಲಿ ಏನಂದ ಅಂತ. ನನಗೆ ಗೊತ್ತಿಲ್ಲ. ನಿನಗೆ ಗೊತ್ತು. ಬಂದು ಹೇಳು."

ಗಾಲಿಗೆ ಹೆದರದ ಹರ್ಕೇಶ್ ಅಷ್ಟು ಕೇಳಿದ್ದೇ ತಡ, ಎರಡೂ ಕೈಯಿಂದ ಟೈರನ್ನು ತಬ್ಬಿಕೊಂಡ. "ಬೇಡ! ಅವಳ ಮುಂದೆ ಬೇಡ! ಹತ್ತಿಸೋ ಜಗ್ಬೀರ್, ಹತ್ತಿಸಿಬಿಡೋ!" ಅಂತ ಊಳಿಟ್ಟ. ಓಂಪಾಲ್ ಎಳೆದ, ಒದ್ದ, ಮುಖ ನೆಲಕ್ಕೆ ಉಜ್ಜಿದ, ಮುದುಕ ಬಿಡಲಿಲ್ಲ. ಜಗ್ಬೀರ್ ಕೆಳಗಿಳಿದ. ಪಿನ್ನು ಎಸೆದ. ಅಪ್ಪನ ಪಕ್ಕ ಮಂಡಿಯೂರಿ ಕೂತು, ಮೂಗು ಸುರಿಸಿಕೊಂಡು ಅಳುತ್ತಾ, ಟೈರಿನಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಅಂಗಳದ ನಡುವೆ ಎಳೆದು ತಂದರು. ಏಕನಾಥ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಬಾಗಿಲಿಗೆ ಒರಗಿದ್ದ. ಡೋಲಕ್ ನಿಂತಿತು. ಮನೆಯೊಳಗಿಂದ ಸೋನು ಅಮ್ಮ ಬಿರಬಿರನೆ ಬಂದಳು. ಭಾವನ ಮುಂದೆ ಮಾತಾಡುವ ಪದ್ಧತಿ ಅವರಲ್ಲಿಲ್ಲ, ಸೆರಗನ್ನು ಗಲ್ಲದ ತನಕ ಎಳೆದುಕೊಂಡಿದ್ದಳು. ಭಾವನ ಬಾಯಲ್ಲಿ ರಕ್ತ ಕಂಡು ಗಾಬರಿಯಾಗಿ ಒಂದು ಲೋಟ ನೀರು ತಂದಿದ್ದಳು. ಬಗ್ಗಿ ಅವನ ಮುಂದೆ ಹಿಡಿದಳು.

ಹರ್ಕೇಶ್ ಮುಖ ಆಚೆ ತಿರುಗಿಸಿದ. ಜಗ್ಬೀರ್ ಅಪ್ಪನ ಕತ್ತು ಹಿಡಿದು ಅವಳ ಕಡೆಗೇ ತಿರುಗಿಸಿದ.

"ಹೇಳು" ಅಂದ.